ಅಭಿಮಾನಿ ವಿಮರ್ಶೆ: ಅಮೆರಿಕದ ಸೂಪರ್‌ಹೀರೊ ಮತ್ತು ಅಲೌಕಿಕ ಟಿವಿ ಧಾರಾವಾಹಿಗಳು

ಒಂದು ಧಾರಾವಾಹಿಯನ್ನು ಬಿಡದೆ ನೋಡುವ ಪ್ರೇಕ್ಷಕರು ಅದರ ನಟನೆ, ಕಥೆಯ ನಡೆ ಹಾಗೂ ಪಾತ್ರಗಳ ಬೆಳವಣಿಗೆಯನ್ನು ಕುರಿತು ತಮ್ಮೊಳಗೆ ನಡೆಸುವ ನಿರಂತರ ಚರ್ಚೆಯನ್ನು ಅಭಿಮಾನಿ ವಿಮರ್ಶೆ ಎನ್ನಬಹುದು. ಅಮೆರಿಕದ ಸೂಪರ್‌ಹೀರೊ ಮತ್ತು ಅಲೌಕಿಕ ಧಾರಾವಾಹಿಗಳ ಸುತ್ತ ಇದು ಬಹಳ ದಟ್ಟವಾಗಿ ಬೆಳೆದಿದೆ. 1960ರ ದಶಕದ ‘ಬ್ಯಾಟ್‌ಮನ್’, ‘ಡಾರ್ಕ್ ಶ್ಯಾಡೋಸ್’ ಕಾಲದಿಂದ ‘ಬಫಿ ದ ವ್ಯಾಂಪೈರ್ ಸ್ಲೇಯರ್’, ‘ಸ್ಮಾಲ್‌ವಿಲ್’, ‘ಸೂಪರ್‌ನ್ಯಾಚುರಲ್’, ‘ದ ಫ್ಲ್ಯಾಶ್’, ‘ಡೇರ್‌ಡೆವಿಲ್’, ‘ವಾಂಡಾವಿಷನ್’ವರೆಗೆ ಈ ಚರ್ಚೆಗೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಈ ಪ್ರಕಾರದಲ್ಲಿ ಏನು ಬೇಕಾದರೂ ನಡೆಯಬಹುದು. ಮನುಷ್ಯ ಹಾರಬಹುದು, ಸತ್ತವರು ಎದ್ದು ಬರಬಹುದು, ಕಾಲ ಹಿಂದಕ್ಕೆ ಸರಿಯಬಹುದು. ಹಾಗಿರುವುದರಿಂದಲೇ ನೋಡುವವರು ಎರಡು ವಿಷಯಗಳಲ್ಲಿ ರಾಜಿಯಾಗುವುದಿಲ್ಲ. ನಟರ ಮುಖದಲ್ಲಿ ಕಾಣುವ ಭಾವ ನಂಬುವಂತಿರಬೇಕು. ಕಥೆಯಲ್ಲಿ ಆದ ಘಟನೆಗೆ ಮುಂದೆ ಪರಿಣಾಮ ಇರಬೇಕು. ಅಭಿಮಾನಿಗಳ ವಾದಗಳಲ್ಲಿ ಹೆಚ್ಚಿನವು ಈ ಎರಡು ಬೇಡಿಕೆಗಳಿಂದಲೇ ಹುಟ್ಟುತ್ತವೆ.

ಹಿನ್ನೆಲೆ

ಈ ಚರ್ಚೆಯ ಬೇರು ಕಾಮಿಕ್ಸ್ ಪುಸ್ತಕಗಳ ಓದುಗರ ಪತ್ರಗಳ ಪುಟದಲ್ಲಿದೆ. ಡಿಸಿ ಕಾಮಿಕ್ಸ್‌ನ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ 1960ರ ಸುಮಾರಿಗೆ ಪತ್ರ ಬರೆದವರ ಪೂರ್ಣ ವಿಳಾಸವನ್ನೂ ಅಚ್ಚು ಹಾಕತೊಡಗಿದರು. ಓದುಗರು ಪರಸ್ಪರ ಕಾಗದ ಬರೆದುಕೊಂಡರು. ಹಾಗೆ ಬೆಳೆದ ಬಳಗಗಳಿಂದ ಅಭಿಮಾನಿಗಳೇ ಅಚ್ಚು ಹಾಕಿ ಹಂಚುವ ಕಿರುಪತ್ರಿಕೆಗಳು ಹೊರಟವು. 1961ರಲ್ಲಿ ಜೆರ್ರಿ ಬೇಲ್ಸ್ ಆರಂಭಿಸಿದ ‘ಆಲ್ಟರ್ ಈಗೊ’ ಅವುಗಳಲ್ಲಿ ಹೆಸರಾದದ್ದು.

ಟೆಲಿವಿಷನ್ನಿನಲ್ಲಿ ಜಾರ್ಜ್ ರೀವ್ಸ್ ನಟಿಸಿದ ‘ಅಡ್ವೆಂಚರ್ಸ್ ಆಫ್ ಸೂಪರ್‌ಮ್ಯಾನ್’ (1952–58) ಮುಖ್ಯವಾಗಿ ಮಕ್ಕಳ ಮನರಂಜನೆ ಎನಿಸಿಕೊಂಡಿತ್ತು. 1966ರಿಂದ 1968ರವರೆಗೆ 120 ಕಂತುಗಳಲ್ಲಿ ಪ್ರಸಾರವಾದ ‘ಬ್ಯಾಟ್‌ಮನ್’ ವಾದಕ್ಕೆ ವಸ್ತು ಒದಗಿಸಿತು. ಆಡಂ ವೆಸ್ಟ್ ಅತ್ಯಂತ ಗಂಭೀರ ಮುಖದಿಂದ ಹೇಳುತ್ತಿದ್ದ ಹಾಸ್ಯದ ಮಾತುಗಳು ಕೆಲವರಿಗೆ ಪಾತ್ರದ ಅವಮಾನವಾಗಿ ಕಂಡವು. ಬೇರೆಯವರು ಅದರಲ್ಲಿ ಅಪರೂಪದ ನಟನಾ ಸಂಯಮವನ್ನು ಗುರುತಿಸಿದರು. ಸೂಪರ್‌ಹೀರೊ ಕಥೆಯನ್ನು ಎಷ್ಟು ಗಂಭೀರವಾಗಿ ಆಡಬೇಕು ಎಂಬ ಪ್ರಶ್ನೆ ಅಲ್ಲಿಂದ ಇಂದಿನವರೆಗೂ ಜೀವಂತವಾಗಿದೆ.

ಅಲೌಕಿಕ ಕಥೆಗಳ ಕಡೆ ಎಬಿಸಿ ಚಾನೆಲ್ಲಿನ ‘ಡಾರ್ಕ್ ಶ್ಯಾಡೋಸ್’ (1966–71) ಮೊದಲ ದೊಡ್ಡ ಹೆಸರು. ಹಗಲು ಹೊತ್ತಿನ ಈ ದೈನಂದಿನ ಧಾರಾವಾಹಿಗೆ 1967ರಲ್ಲಿ ಬಾರ್ನಬಸ್ ಕಾಲಿನ್ಸ್ ಎಂಬ ರಕ್ತಪಿಪಾಸು ಪಾತ್ರ ಬಂತು. ಸ್ವಲ್ಪ ಕಾಲಕ್ಕೆಂದು ತಂದ ಪಾತ್ರ ಜೊನಾಥನ್ ಫ್ರಿಡ್ ಅವರ ನಟನೆಯಿಂದ ಕಥೆಯ ಕೇಂದ್ರವೇ ಆಯಿತು. ಕೊಲ್ಲುವವನ ಕಣ್ಣಿನಲ್ಲಿ ಪಶ್ಚಾತ್ತಾಪ ಕಾಣಿಸುವ ಆ ಬಗೆ ಮುಂದಿನ ದಶಕಗಳ ಹಲವು ವ್ಯಾಂಪೈರ್ ಪಾತ್ರಗಳಿಗೆ ದಾರಿಯಾಯಿತು. ಅದೇ ಕಾಲದ ‘ಸ್ಟಾರ್ ಟ್ರೆಕ್’ನ ಅಭಿಮಾನಿಗಳು 1967–68ರಲ್ಲಿ ಪತ್ರ ಚಳವಳಿ ನಡೆಸಿ ಮೂರನೆಯ ಸೀಸನ್‌ಗಾಗಿ ಒತ್ತಾಯಿಸಿದರು. ನೋಡುಗರು ಸಂಘಟಿತರಾಗಿ ಮಾತನಾಡಿದರೆ ಚಾನೆಲ್ಲುಗಳು ಕಿವಿಗೊಡುತ್ತವೆ ಎಂಬ ಭರವಸೆ ಅಲ್ಲಿ ಮೂಡಿತು.

ವಿಸಿಆರ್ ಮನೆಗಳಿಗೆ ಬಂದ ಮೇಲೆ ಚರ್ಚೆಯ ಗುಣವೇ ಬದಲಾಯಿತು. ಕಂತನ್ನು ಮತ್ತೆ ಮತ್ತೆ ಹಾಕಿ, ನಿಲ್ಲಿಸಿ, ನಟನ ಒಂದು ನೋಟವನ್ನೋ ಒಂದು ಸಂಭಾಷಣೆಯನ್ನೋ ಪುರಾವೆಯಾಗಿ ಮುಂದಿಡುವುದು ಸಾಧ್ಯವಾಯಿತು. 1990ರ ದಶಕದಲ್ಲಿ ಅಂತರಜಾಲ ಬಂದಾಗ ಪ್ರಸಾರ ಮುಗಿದ ರಾತ್ರಿಯೇ ವಾದ ಶುರುವಾಗತೊಡಗಿತು. ‘ದ ಎಕ್ಸ್-ಫೈಲ್ಸ್’ (1993–2002, ಮತ್ತೆ 2016 ಮತ್ತು 2018) ಈ ಎರಡೂ ಸೌಲಭ್ಯಗಳನ್ನು ಪಡೆದ ಪೀಳಿಗೆಯ ಧಾರಾವಾಹಿ.

ನಟನೆಯ ಚರ್ಚೆ

ಸೂಪರ್‌ಹೀರೊ ಕಥೆಗಳಲ್ಲಿ ಅಭಿಮಾನಿಗಳು ಮೊದಲು ತೂಗುವುದು ಎರಡು ಮುಖದ ಬದುಕನ್ನು ನಟ ಹೇಗೆ ತೋರಿಸುತ್ತಾನೆ ಎಂಬುದನ್ನು. ಕ್ಲಾರ್ಕ್ ಕೆಂಟ್ ಕನ್ನಡಕ ಹಾಕಿಕೊಂಡ ಮಾತ್ರಕ್ಕೆ ಯಾರಿಗೂ ಗುರುತು ಸಿಗುವುದಿಲ್ಲ ಎಂದು ನಂಬಿಸುವ ಹೊಣೆ ನಟನ ಬೆನ್ನು, ಭುಜ ಮತ್ತು ಧ್ವನಿಯ ಮೇಲಿರುತ್ತದೆ. ಡೀನ್ ಕೇನ್, ಟಾಮ್ ವೆಲ್ಲಿಂಗ್, ಟೈಲರ್ ಹೆಕ್ಲಿನ್ ಈ ಒಂದೇ ಪಾತ್ರವನ್ನು ಮೂರು ಕಾಲದಲ್ಲಿ ಮೂರು ರೀತಿ ಕಟ್ಟಿದರು. ‘ಸ್ಮಾಲ್‌ವಿಲ್’ (2001–11) ತಂಡ ನಾಯಕ ಹಾರಬಾರದು, ಸೂಪರ್‌ಮ್ಯಾನ್ ಉಡುಪು ತೊಡಬಾರದು ಎಂಬ ನಿಯಮ ಇಟ್ಟುಕೊಂಡಿತ್ತು. ಹಾಗಾಗಿ ಹತ್ತು ಸೀಸನ್‌ಗಳ ಉದ್ದಕ್ಕೂ ವೆಲ್ಲಿಂಗ್ ಸೂಪರ್‌ಮ್ಯಾನ್ ಆಗುವ ಮೊದಲಿನ ಹಳ್ಳಿಯ ಹುಡುಗನನ್ನೇ ಆಡಬೇಕಾಯಿತು. ಆ ಧಾರಾವಾಹಿಯಲ್ಲಿ ಹೆಚ್ಚು ಹೊಗಳಿಕೆ ಪಡೆದದ್ದು ಮೈಕೆಲ್ ರೋಸೆನ್‌ಬಾಮ್ ಅವರ ಲೆಕ್ಸ್ ಲೂಥರ್. ಒಳ್ಳೆಯವನಾಗಲು ಹಂಬಲಿಸುವ ಸ್ನೇಹಿತ ಹಂತ ಹಂತವಾಗಿ ಶತ್ರುವಾಗುವುದನ್ನು ಅವರು ನಿಧಾನವಾಗಿ ತೋರಿಸಿದರು. ಏಳನೆಯ ಸೀಸನ್ ನಂತರ ಅವರು ತಂಡ ಬಿಟ್ಟಾಗ ಕಥೆಯ ಬೆನ್ನೆಲುಬೇ ಹೋಯಿತು ಎಂದು ಅನೇಕ ಅಭಿಮಾನಿಗಳು ವಾದಿಸಿದರು. 2011ರ ಕೊನೆಯ ಕಂತಿಗೆ ಅವರು ಮರಳಿದಾಗ ಸಂಭ್ರಮಿಸಿದರು.

ಒಬ್ಬ ನಟ ಹಲವರಾಗುವ ಅವಕಾಶ ಈ ಪ್ರಕಾರದಲ್ಲಿ ಸಿಗುವಷ್ಟು ಬೇರೆಡೆ ಸಿಗುವುದಿಲ್ಲ. ದೇಹ ಬದಲಾವಣೆ, ದೆವ್ವ ಹಿಡಿಯುವುದು, ತದ್ರೂಪು, ಸಮಾಂತರ ಲೋಕ ಎಲ್ಲವೂ ನಟನಾ ಪರೀಕ್ಷೆಗಳೇ. ‘ಬಫಿ’ಯ 2000ದ ‘ಹೂ ಆರ್ ಯೂ’ ಕಂತಿನಲ್ಲಿ ಬಫಿ ಮತ್ತು ಫೇತ್ ಎಂಬ ಇಬ್ಬರ ದೇಹಗಳು ಅದಲುಬದಲಾಗಿರುತ್ತವೆ. ಸಾರಾ ಮಿಶೆಲ್ ಗೆಲ್ಲರ್ ಮತ್ತು ಎಲೈಜಾ ಡುಶ್ಕು ಒಬ್ಬರ ನಡಿಗೆ, ಮಾತಿನ ಓಟ, ಕಣ್ಣೋಟಗಳನ್ನು ಇನ್ನೊಬ್ಬರು ಆಡಿ ತೋರಿಸಿದ ಈ ಕಂತನ್ನು ಅಭಿಮಾನಿಗಳು ಇಂದಿಗೂ ಉದಾಹರಣೆಯಾಗಿ ಎತ್ತಿಕೊಳ್ಳುತ್ತಾರೆ. ‘ದ ವ್ಯಾಂಪೈರ್ ಡೈರೀಸ್’ನಲ್ಲಿ (2009–17) ನೀನಾ ಡೊಬ್ರೆವ್ ಮೃದು ಸ್ವಭಾವದ ಎಲೆನಾ ಮತ್ತು ಕುಟಿಲ ಕ್ಯಾಥರೀನ್ ಇಬ್ಬರೂ ಆದರು. ಕ್ಯಾಥರೀನ್ ಎಲೆನಾಳ ಸೋಗು ಹಾಕಿದ ದೃಶ್ಯಗಳಲ್ಲಿ ಯಾವ ಸಣ್ಣ ಚಲನೆಯಿಂದ ನಿಜ ಬಯಲಾಗುತ್ತದೆ ಎಂದು ಹುಡುಕುವುದೇ ಪ್ರೇಕ್ಷಕರಿಗೆ ದೊಡ್ಡ ಕೆಲಸವಾಗಿತ್ತು. ‘ದ ಫ್ಲ್ಯಾಶ್’ನಲ್ಲಿ (2014–23) ಟಾಮ್ ಕ್ಯಾವನಾ ಮೊದಲ ಸೀಸನ್ನಿನ ವಂಚಕ ಗುರುವಾಗಿ ಬಂದು, ಮುಂದೆ ಬೇರೆ ಬೇರೆ ಲೋಕಗಳ ಹ್ಯಾರಿಸನ್ ವೆಲ್ಸ್‌ಗಳಾಗಿ ಮರಳುತ್ತಲೇ ಹೋದರು. ಮೊದಲ ಕೆಲವು ರೂಪಗಳನ್ನು ಮೆಚ್ಚಿದವರಲ್ಲೇ ಹಲವರು ಕೊನೆಕೊನೆಗೆ ಇದು ಪಾತ್ರಸೃಷ್ಟಿಗಿಂತ ವೇಷ ಬದಲಾವಣೆಯಾಯಿತು ಎಂದು ಆಕ್ಷೇಪಿಸಿದರು.

‘ಸೂಪರ್‌ನ್ಯಾಚುರಲ್’ (2005–20) 15 ಸೀಸನ್ ಮತ್ತು 327 ಕಂತುಗಳಷ್ಟು ಉದ್ದ ಸಾಗಿದ್ದರಿಂದ ನಟರ ಬೆಳವಣಿಗೆಯನ್ನು ಅಳೆಯಲು ವಿಶೇಷ ಅವಕಾಶ ಕೊಟ್ಟಿತು. ಸ್ಯಾಮ್ ಪಾತ್ರದ ಜ್ಯಾರೆಡ್ ಪಡಲೆಕಿ ಸೈತಾನ ಹೊಕ್ಕ ಸ್ಯಾಮ್ ಆಗಿ, ಆತ್ಮವಿಲ್ಲದ ಸ್ಯಾಮ್ ಆಗಿ ನಟಿಸಿದರು. ಕ್ಯಾಸ್ಟಿಯೆಲ್ ಎಂಬ ದೇವದೂತನ ಪಾತ್ರದಲ್ಲಿ 2008ರಲ್ಲಿ ಬಂದ ಮಿಶಾ ಕಾಲಿನ್ಸ್ ಗಡಸು ದನಿಯನ್ನು ಆ ಪಾತ್ರದ ಗುರುತಾಗಿಸಿದರು. ಮುಂದೆ ಅದೇ ದೇಹದೊಳಗೆ ಲೂಸಿಫರ್ ಸೇರಿಕೊಂಡಾಗ, ಹಿಂದೆ ಲೂಸಿಫರ್ ಆಡಿದ್ದ ಮಾರ್ಕ್ ಪೆಲ್ಲೆಗ್ರಿನೊ ಅವರ ಮಾತಿನ ಶೈಲಿಯನ್ನು ಹಿಡಿದು ತೋರಿಸಿದರು. ಡೀನ್ ಪಾತ್ರದ ಜೆನ್ಸನ್ ಆಕಲ್ಸ್ ವಿಷಯದಲ್ಲಿ ಚರ್ಚೆ ಹೆಚ್ಚಾಗಿ ನಡೆದದ್ದು ಮಾತಿಲ್ಲದ ಗಳಿಗೆಗಳ ಕುರಿತು: ನಗೆಚಾಟಿಕೆಯ ಹಿಂದೆ ಬಚ್ಚಿಟ್ಟ ಅಳುಕು, ಕ್ಷಣಕಾಲ ಬಿಗಿಯುವ ದವಡೆ.

ಖಳರ ನಟನೆ ಪ್ರತ್ಯೇಕ ಅಧ್ಯಾಯವೇ ಆಗಬಲ್ಲದು. ‘ಡೇರ್‌ಡೆವಿಲ್’ನಲ್ಲಿ (2015–18) ವಿನ್ಸೆಂಟ್ ಡಿಒನೊಫ್ರಿಯೊ ಅವರ ವಿಲ್ಸನ್ ಫಿಸ್ಕ್ ಮಾತು ಹುಡುಕುವ, ಸಂಕೋಚದಿಂದ ಕುಗ್ಗುವ, ಮರುಗಳಿಗೆ ಕ್ರೌರ್ಯ ಉಕ್ಕುವ ಮನುಷ್ಯ. ‘ಜೆಸ್ಸಿಕಾ ಜೋನ್ಸ್’ನ ಮೊದಲ ಸೀಸನ್ನಿನಲ್ಲಿ (2015) ಡೇವಿಡ್ ಟೆನಂಟ್ ಆಡಿದ ಕಿಲ್‌ಗ್ರೇವ್ ಮಾತಿನಿಂದಲೇ ಇತರರ ಮನಸ್ಸನ್ನು ವಶಪಡಿಸಿಕೊಳ್ಳುವವನು. ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಅಲೌಕಿಕ ಶಕ್ತಿಯ ರೂಪದಲ್ಲಿ ನೋಡುವ ಗಂಭೀರ ಚರ್ಚೆ ಆ ಪಾತ್ರದಿಂದ ಬೆಳೆಯಿತು. ‘ದ ಬಾಯ್ಸ್’ನಲ್ಲಿ (2019ರಿಂದ) ಆಂಟನಿ ಸ್ಟಾರ್ ಅವರ ಹೋಮ್‌ಲ್ಯಾಂಡರ್ ನಗುತ್ತಿರುವಾಗಲೂ ಕಣ್ಣಿನಲ್ಲಿ ಕೋಪ ನಡುಗುತ್ತಿರುತ್ತದೆ. ಅಧಿಕಾರದ ಹಸಿವಿಗೆ ಕನ್ನಡಿ ಹಿಡಿದ ಆ ಪಾತ್ರವನ್ನೇ ನಾಯಕನೆಂದು ಕೊಂಡಾಡಿದ ನೋಡುಗರೂ ಇದ್ದರು. ಒಂದು ಪಾತ್ರವನ್ನು ನಟ ಆಕರ್ಷಕವಾಗಿ ಆಡಿದಾಗ ಅದರ ನೈತಿಕ ಅರ್ಥ ಎಲ್ಲರಿಗೂ ಒಂದೇ ರೀತಿ ತಲುಪುತ್ತದೆಯೇ ಎಂಬ ಪ್ರಶ್ನೆ ಹೀಗೆ ಅಭಿಮಾನಿಗಳ ನಡುವೆಯೇ ಎದ್ದಿತು.

ಪ್ರಶಸ್ತಿಗಳ ಲೋಕ ಈ ನಟನೆಯನ್ನು ಬಹುಕಾಲ ಕಡೆಗಣಿಸಿತು ಎಂಬುದು ಅಭಿಮಾನಿಗಳ ಹಳೆಯ ಅಸಮಾಧಾನ. ‘ಬಫಿ’ಯ ಏಳು ಸೀಸನ್‌ಗಳಲ್ಲಿ ಗೆಲ್ಲರ್ ಅವರಿಗೆ ಆ ಪಾತ್ರಕ್ಕಾಗಿ ಎಮ್ಮಿ ನಾಮನಿರ್ದೇಶನ ಸಿಗಲೇ ಇಲ್ಲ. 2019ರ ‘ವಾಚ್‌ಮೆನ್’ ಈ ಗೋಡೆಯನ್ನು ಒಡೆಯಿತು: ಮರುವರ್ಷ 11 ಎಮ್ಮಿ ಪ್ರಶಸ್ತಿ ಪಡೆಯಿತು, ರೆಜಿನಾ ಕಿಂಗ್ ಶ್ರೇಷ್ಠ ನಟಿಯಾದರು. ‘ವಾಂಡಾವಿಷನ್’ಗಾಗಿ ಎಲಿಜಬೆತ್ ಓಲ್ಸನ್ 2021ರಲ್ಲಿ ನಾಮನಿರ್ದೇಶನ ಪಡೆದರು.

ಕಥೆಯ ನಡೆ

ಈ ಧಾರಾವಾಹಿಗಳ ಕಥೆ ಸಾಮಾನ್ಯವಾಗಿ ಎರಡು ಎಳೆಗಳಲ್ಲಿ ಸಾಗುತ್ತದೆ. ಒಂದು, ಪ್ರತಿ ವಾರ ಬಂದು ಆ ವಾರವೇ ಮುಗಿಯುವ ಭೂತ, ರಾಕ್ಷಸ ಅಥವಾ ಖಳನ ಕಥೆ. ಇನ್ನೊಂದು, ಇಡೀ ಸೀಸನ್ ಅಥವಾ ಹಲವು ಸೀಸನ್‌ಗಳಿಗೆ ಹಬ್ಬುವ ಮೂಲಕಥೆ. ‘ದ ಎಕ್ಸ್-ಫೈಲ್ಸ್’ ಅಭಿಮಾನಿಗಳು ಬಿಡಿ ಕಂತುಗಳನ್ನೂ ಅನ್ಯಗ್ರಹ ಜೀವಿಗಳ ಪಿತೂರಿಯ ಮೂಲಕಥೆಯನ್ನೂ ಬೇರೆ ಬೇರೆ ಅಳತೆಗೋಲಿನಿಂದ ನೋಡಿದರು. ಡ್ಯಾರಿನ್ ಮಾರ್ಗನ್, ವಿನ್ಸ್ ಗಿಲ್ಲಿಗನ್ ಮೊದಲಾದ ಬರಹಗಾರರ ಹೆಸರನ್ನು ನೋಡಿ ಕಂತಿಗೆ ಕಾಯುವ ಪ್ರೇಕ್ಷಕವರ್ಗ ಅಲ್ಲಿ ಬೆಳೆಯಿತು. ‘ಬಫಿ’ ಪ್ರತಿ ಸೀಸನ್‌ಗೆ ಒಬ್ಬ ಪ್ರಧಾನ ಖಳನನ್ನು ಇಟ್ಟುಕೊಂಡು ವರ್ಷದ ಕೊನೆಗೆ ಆ ಕಥೆಯನ್ನು ಮುಗಿಸುವ ಕ್ರಮವನ್ನು ಗಟ್ಟಿಗೊಳಿಸಿತು. ಆ ಖಳನನ್ನು ಕರೆಯುವ ‘ಬಿಗ್ ಬ್ಯಾಡ್’ ಎಂಬ ಪದ ಧಾರಾವಾಹಿಯ ಸಂಭಾಷಣೆಯಿಂದ ಹೊರಟು ಇಡೀ ಪ್ರಕಾರದ ಪರಿಭಾಷೆಯಾಯಿತು.

ಕಥೆಯ ಮೇಲಿನ ದೂರುಗಳಲ್ಲಿ ಪುನರಾವರ್ತನೆಯದು ಮೊದಲ ಸ್ಥಾನ. ‘ದ ಫ್ಲ್ಯಾಶ್’ನ ಮೊದಲ ಮೂರು ಸೀಸನ್‌ಗಳ ಖಳರಾದ ರಿವರ್ಸ್ ಫ್ಲ್ಯಾಶ್, ಝೂಮ್, ಸವಿತಾರ್ ಮೂವರೂ ನಾಯಕನಂತೆಯೇ ಮಿಂಚಿನ ವೇಗದಲ್ಲಿ ಓಡುವವರು. ಪ್ರತಿ ಬಾರಿಯೂ ‘ಇನ್ನೂ ಜೋರಾಗಿ ಓಡು’ ಎಂಬುದೇ ಪರಿಹಾರವಾದಾಗ ಕಥೆ ಬೆಳೆಯುವುದಿಲ್ಲ ಎಂದು ಅಭಿಮಾನಿಗಳು ತೋರಿಸಿಕೊಟ್ಟರು. ನಾಲ್ಕನೆಯ ಸೀಸನ್‌ಗೆ ಬುದ್ಧಿಬಲದ ಖಳ ಥಿಂಕರ್ ಬಂದ. ಶಕ್ತಿಯ ನಿಯಮಗಳದು ಇನ್ನೊಂದು ದೂರು. ಶಬ್ದಕ್ಕಿಂತ ವೇಗವಾಗಿ ಓಡುವವನು ಸಾಮಾನ್ಯ ಕಳ್ಳನ ಗುಂಡಿಗೆ ಹೇಗೆ ಸಿಕ್ಕಿಬೀಳುತ್ತಾನೆ? ಕಾಲವನ್ನು ಹಿಂದಕ್ಕೆ ತಿರುಗಿಸಬಲ್ಲವನಿಗೆ ಯಾವ ನಷ್ಟ ತಾನೇ ನಷ್ಟ? ಶಕ್ತಿಗೆ ಮಿತಿ ಇದ್ದರೆ ಮಾತ್ರ ಕಥೆಗೆ ಬಿಗಿ ಬರುತ್ತದೆ ಎಂಬ ತತ್ತ್ವವನ್ನು ಅಭಿಮಾನಿಗಳು ಇಂಥ ನೂರಾರು ಪ್ರಶ್ನೆಗಳ ಮೂಲಕ ತಾವೇ ಕಟ್ಟಿಕೊಂಡಿದ್ದಾರೆ.

ಉದ್ದವೂ ದೊಡ್ಡ ವಿಷಯ. ಅಮೆರಿಕದ ಪ್ರಸಾರ ಚಾನೆಲ್ಲುಗಳಲ್ಲಿ ಒಂದು ಸೀಸನ್ ಎಂದರೆ ಬಹುಕಾಲ ವಾಡಿಕೆಯಾಗಿ 22ರಿಂದ 23 ಕಂತು ಇರುತ್ತಿತ್ತು. ನಡುವೆ ಕಥೆ ಮುಂದೆ ಹೋಗದೆ ನಿಲ್ಲುವ ಕಂತುಗಳನ್ನು ಅಭಿಮಾನಿಗಳು ‘ಫಿಲ್ಲರ್’ ಎನ್ನುತ್ತಾರೆ. ನೆಟ್‌ಫ್ಲಿಕ್ಸ್‌ನ ಮಾರ್ವೆಲ್ ಧಾರಾವಾಹಿಗಳು 13 ಕಂತಿಗೆ ಇಳಿದಾಗಲೂ ಎಂಟು ಕಂತಿಗೆ ಸಾಲುವ ಕಥೆಯನ್ನು ಎಳೆದಿದ್ದಾರೆ ಎಂಬ ಮಾತು ಬಂತು. ‘ವಾಂಡಾವಿಷನ್’ನ ಒಂಬತ್ತು ಕಂತುಗಳು ಮುಗಿದಾಗ ಕೊನೆ ಅವಸರವಾಯಿತು ಎಂಬ ವಿರುದ್ಧ ದೂರು ಕೇಳಿಸಿತು. ಫಿಲ್ಲರ್ ಪರವಾಗಿಯೂ ಗಟ್ಟಿ ವಾದವಿದೆ: ಪಾತ್ರಗಳು ಊಟ ಮಾಡುವ, ಜಗಳವಾಡುವ, ಸುಮ್ಮನೆ ಕೂರುವ ಕಂತುಗಳಲ್ಲೇ ನೋಡುಗರಿಗೆ ಅವರ ಮೇಲೆ ಪ್ರೀತಿ ಹುಟ್ಟುತ್ತದೆ; ಆ ಪ್ರೀತಿ ಇಲ್ಲದೆ ಕೊನೆಯ ಕಾಳಗಕ್ಕೆ ಬೆಲೆ ಬರುವುದಿಲ್ಲ.

ಅಭಿಮಾನಿಗಳ ಟೀಕೆಯನ್ನು ನಿರ್ಮಾಪಕರು ಬಹಿರಂಗವಾಗಿ ಒಪ್ಪಿಕೊಂಡ ಪ್ರಸಂಗ ‘ಹೀರೋಸ್’ (2006–10) ಧಾರಾವಾಹಿಯದು. ಚೆನ್ನೈನ ವಿಜ್ಞಾನಿ ಮೋಹಿಂದರ್ ಸುರೇಶ್‌ನ ಪಾತ್ರದಲ್ಲಿ ಭಾರತೀಯ ಮೂಲದ ಸೆಂಧಿಲ್ ರಾಮಮೂರ್ತಿ ಇದ್ದ ಈ ಧಾರಾವಾಹಿಯ ಮೊದಲ ಸೀಸನ್ ಅಪಾರ ಜನಪ್ರಿಯತೆ ಗಳಿಸಿತ್ತು. ಎರಡನೆಯ ಸೀಸನ್ ನಿಧಾನವಾಯಿತು, ಹೊಸ ಪಾತ್ರಗಳು ಹಳೆಯವರನ್ನು ಬದಿಗೆ ಸರಿಸಿದವು ಎಂಬ ದೂರು ಬಂದಾಗ, 2007ರ ನವೆಂಬರ್‌ನಲ್ಲಿ ಸೃಷ್ಟಿಕರ್ತ ಟಿಮ್ ಕ್ರಿಂಗ್ ಸಂದರ್ಶನವೊಂದರಲ್ಲಿ ಆ ದೋಷಗಳನ್ನು ಒಪ್ಪಿಕೊಂಡರು. ಅದೇ ಹೊತ್ತಿಗೆ ಬರಹಗಾರರ ಮುಷ್ಕರ ನಡೆದು ಸೀಸನ್ 11 ಕಂತಿಗೇ ನಿಂತಿತು. ಧಾರಾವಾಹಿಗೆ ಮೊದಲಿನ ಕಳೆ ಮತ್ತೆ ಬರಲಿಲ್ಲ.

ಸಾವು ಮತ್ತು ಮರಳುವಿಕೆ

ಸತ್ತವರು ಮರಳಿ ಬರುವ ಲೋಕದಲ್ಲಿ ಸಾವಿಗೆ ತೂಕ ಕೊಡುವುದು ಬರಹಗಾರರಿಗೆ ಕಷ್ಟದ ಕೆಲಸ. ‘ಬಫಿ’ಯ 2001ರ ‘ದ ಬಾಡಿ’ ಕಂತನ್ನು ಅಭಿಮಾನಿಗಳು ಇದಕ್ಕೆ ಮಾದರಿ ಎನ್ನುತ್ತಾರೆ. ಅಲ್ಲಿ ನಾಯಕಿಯ ತಾಯಿ ಕಾಯಿಲೆಯಿಂದ ಸಾಯುತ್ತಾಳೆ. ಹಿನ್ನೆಲೆ ಸಂಗೀತವಿಲ್ಲ. ರಕ್ಷಿಸಲು ಯಾವ ಶಕ್ತಿಯೂ ನೆರವಿಗೆ ಬರುವುದಿಲ್ಲ. ರಾಕ್ಷಸರನ್ನು ಕೊಲ್ಲುವ ಹುಡುಗಿ ಸೋಫಾದ ಮುಂದೆ ಏನೂ ತೋಚದೆ ನಿಲ್ಲುತ್ತಾಳೆ. ಅಲೌಕಿಕ ಧಾರಾವಾಹಿ ತನ್ನ ಅಲೌಕಿಕತೆಯನ್ನು ಬಹುಮಟ್ಟಿಗೆ ಕೆಳಗಿಟ್ಟು ದುಃಖವನ್ನು ತೋರಿಸಿದ್ದರಿಂದಲೇ ಆ ಕಂತಿನ ಬಗ್ಗೆ ಇಷ್ಟು ವರ್ಷಗಳ ಮೇಲೂ ಬರೆಯುತ್ತಾರೆ.

ಕೆಲವು ಸಾವುಗಳನ್ನು ಅಭಿಮಾನಿಗಳು ಅನ್ಯಾಯವೆಂದು ಪರಿಗಣಿಸಿದರು. ‘ಬ್ಯೂಟಿ ಅಂಡ್ ದ ಬೀಸ್ಟ್’ನ ಮೂರನೆಯ ಸೀಸನ್ ಆರಂಭದಲ್ಲಿ, 1989ರ ಕೊನೆಗೆ, ಲಿಂಡಾ ಹ್ಯಾಮಿಲ್ಟನ್ ನಟಿಸುತ್ತಿದ್ದ ಕ್ಯಾಥರೀನ್‌ಳನ್ನು ಕೊಲ್ಲಲಾಯಿತು. ಎರಡು ವರ್ಷ ಪ್ರೇಮಕಥೆಯಾಗಿ ನಂಬಿಸಿದ್ದನ್ನು ಸೇಡಿನ ಕಥೆಯಾಗಿ ಮಾಡಿದರು ಎಂದು ಅಭಿಮಾನಿ ಬಳಗವೇ ಒಡೆಯಿತು. ನಾಯಕನಿಗೆ ನೋವು ಕೊಡುವುದಕ್ಕಾಗಿಯಷ್ಟೇ ಹೆಣ್ಣು ಪಾತ್ರಗಳನ್ನು ಕೊಲ್ಲುವ ರೂಢಿಯನ್ನು ಮುಂದೆ ಕಾಮಿಕ್ಸ್ ಬರಹಗಾರ್ತಿಯಾದ ಗೇಲ್ ಸಿಮೋನ್ 1999ರಲ್ಲಿ ಕಾಮಿಕ್ಸ್‌ನ ಅಂಥ ಪಾತ್ರಗಳ ಪಟ್ಟಿ ಮಾಡಿ ತೋರಿಸಿದರು. ಆ ಅಳತೆಗೋಲು ಟಿವಿಗೂ ಬಂತು. ‘ಸೂಪರ್‌ನ್ಯಾಚುರಲ್’ನ ಮೊದಲ ಕಂತಿನಲ್ಲೇ ಅಣ್ಣತಮ್ಮಂದಿರಾದ ಡೀನ್ ಮತ್ತು ಸ್ಯಾಮ್ ಅವರ ತಾಯಿ ಮೇರಿ ಹಾಗೂ ಸ್ಯಾಮ್‌ನ ಪ್ರೇಯಸಿ ಜೆಸ್ಸಿಕಾ ಒಂದೇ ರೀತಿ ಸಾಯುತ್ತಾರೆ, ಇಬ್ಬರು ಗಂಡಸರ ಪ್ರಯಾಣ ಅಲ್ಲಿಂದ ಶುರುವಾಗುತ್ತದೆ ಎಂಬುದನ್ನು ಆ ಧಾರಾವಾಹಿಯನ್ನು ಪ್ರೀತಿಸುವವರೇ ಬೊಟ್ಟು ಮಾಡಿದರು.

2002ರಲ್ಲಿ ‘ಬಫಿ’ಯ ಟಾರಾ ದಾರಿತಪ್ಪಿದ ಗುಂಡಿಗೆ ಬಲಿಯಾದಳು. ವಿಲೋ ಮತ್ತು ಟಾರಾ ಅಮೆರಿಕದ ಟಿವಿಯಲ್ಲಿ ದೀರ್ಘಕಾಲ ತೋರಿಸಿದ ಮೊದಲ ಸಲಿಂಗಿ ಸ್ತ್ರೀ ಜೋಡಿಗಳಲ್ಲಿ ಒಂದಾಗಿದ್ದರಿಂದ ಪ್ರತಿಭಟನೆ ತೀವ್ರವಾಗಿತ್ತು. 2016ರಲ್ಲಿ ವೈಜ್ಞಾನಿಕ ಕಲ್ಪನೆಯ ‘ದ 100’ ಧಾರಾವಾಹಿಯಲ್ಲಿ ಲೆಕ್ಸಾ ಸಹ ಹಾಗೆಯೇ ಅಕಸ್ಮಾತ್ ಗುಂಡಿಗೆ ಸತ್ತಾಗ ಹಳೆಯ ಗಾಯ ತೆರೆದುಕೊಂಡಿತು. ಸಲಿಂಗಿ ಪಾತ್ರಗಳಿಗೆ ಸುಖದ ಗಳಿಗೆಯ ಬೆನ್ನಿಗೇ ಸಾವು ಬರುವ ಮಾದರಿಯನ್ನು ಅಭಿಮಾನಿಗಳು ಪಟ್ಟಿ ಮಾಡಿದರು, ಯುವಜನರ ಆತ್ಮಹತ್ಯೆ ತಡೆಯುವ ಟ್ರೆವರ್ ಪ್ರಾಜೆಕ್ಟ್ ಸಂಸ್ಥೆಗೆ ಹಣ ಕೂಡಿಸಿಕೊಟ್ಟರು. 2020ರ ನವೆಂಬರ್ 5ರಂದು ಕ್ಯಾಸ್ಟಿಯೆಲ್ ಡೀನ್‌ಗೆ ತನ್ನ ಪ್ರೀತಿಯನ್ನು ಹೇಳಿ ಆ ಗಳಿಗೆಯಲ್ಲೇ ಇಲ್ಲವಾದಾಗಲೂ ಇದೇ ಪ್ರಶ್ನೆ ಎದ್ದಿತು: ಇಷ್ಟು ವರ್ಷ ಕಾದ ಮಾತನ್ನು ಆಡಿಸಿದ್ದು ಗೌರವವೇ, ಆಡಿದ ಕೂಡಲೇ ಕೊಂದದ್ದು ಹಳೆಯ ರೂಢಿಯೇ?

ಜೋಡಿಗಳ ವಾದ

ಇಬ್ಬರು ಪಾತ್ರಗಳು ಒಂದಾಗಬೇಕೆಂದು ಬಯಸುವುದನ್ನು ‘ಶಿಪ್ಪಿಂಗ್’ ಎನ್ನುತ್ತಾರೆ. ಮಲ್ಡರ್–ಸ್ಕಲ್ಲಿ ಪ್ರೇಮವನ್ನು ಬಯಸಿದ ‘ದ ಎಕ್ಸ್-ಫೈಲ್ಸ್’ ನೋಡುಗರಿಂದ ಈ ಬಳಕೆ ಹರಡಿತು; ಅವರ ನಡುವೆ ಸ್ನೇಹವೇ ಸಾಕು ಎನ್ನುವವರದು ಎದುರು ಬಣ. ಇಂಥ ವಾದಗಳನ್ನು ಹಗುರವಾಗಿ ಕಾಣುವ ಅಭ್ಯಾಸವಿದೆ. ಆದರೆ ಅವುಗಳ ಒಳಗೆ ನಟನೆ ಮತ್ತು ಕಥೆಯ ಪ್ರಶ್ನೆಗಳು ಹೆಣೆದುಕೊಂಡಿರುತ್ತವೆ. ‘ಆ್ಯರೋ’ದಲ್ಲಿ (2012–20) ಎಮಿಲಿ ಬೆಟ್ ರಿಕರ್ಡ್ಸ್ ಆಡಿದ ಫೆಲಿಸಿಟಿ ಸ್ಮೋಕ್ ಅತಿಥಿ ಪಾತ್ರವಾಗಿ ಬಂದವಳು. ನಾಯಕನ ಪಾತ್ರದ ಸ್ಟೀಫನ್ ಅಮೆಲ್ ಜೊತೆಗಿನ ದೃಶ್ಯಗಳ ಲವಲವಿಕೆ ಮೆಚ್ಚುಗೆಯಾಗಿ ಅವಳು ಮುಖ್ಯ ಪಾತ್ರವಾದಳು, ಕೊನೆಗೆ ನಾಯಕನ ಮಡದಿಯಾದಳು. ಕಾಮಿಕ್ಸ್‌ನಲ್ಲಿ ನಾಯಕನ ಜೋಡಿ ಬ್ಲ್ಯಾಕ್ ಕ್ಯಾನರಿ. ಆ ಹೆಸರು ಹೊತ್ತ ಲಾರೆಲ್ ಲ್ಯಾನ್ಸ್‌ಳನ್ನು 2016ರಲ್ಲಿ ಕೊಂದಾಗ ಮೂಲಕೃತಿಗೆ ನಿಷ್ಠೆ ಮುಖ್ಯವೋ, ತೆರೆಯ ಮೇಲೆ ಇಬ್ಬರು ನಟರ ನಡುವೆ ತಾನಾಗಿ ಅರಳಿದ ಸಂಬಂಧ ಮುಖ್ಯವೋ ಎಂಬ ವಾದ ಉಗ್ರವಾಯಿತು. ಇದು ಎಲ್ಲ ರೂಪಾಂತರಗಳೂ ಎದುರಿಸುವ ಪ್ರಶ್ನೆ.

ಚಳವಳಿಗಳು

ಮೆಚ್ಚಿದ ಧಾರಾವಾಹಿಯನ್ನು ಉಳಿಸಿಕೊಳ್ಳಲು ಅಭಿಮಾನಿಗಳು ನಡೆಸಿದ ಪ್ರಯತ್ನಗಳು ಹಲವು. ‘ರಾಸ್‌ವೆಲ್’ (1999–2002) ಅಭಿಮಾನಿಗಳು ಅದರ ಅನ್ಯಗ್ರಹದ ಪಾತ್ರಗಳಿಗೆ ಪ್ರಿಯವಾದ ಟಬಾಸ್ಕೊ ಖಾರದ ಸಾಸ್ ಬಾಟಲಿಗಳನ್ನು ಚಾನೆಲ್ಲಿಗೆ ಕಳಿಸಿದರು, ಧಾರಾವಾಹಿ ಮುಂದುವರಿಯಿತು. 2018ರ ಮೇ ತಿಂಗಳಲ್ಲಿ ಫಾಕ್ಸ್ ಮೂರು ಸೀಸನ್‌ಗಳ ನಂತರ ‘ಲೂಸಿಫರ್’ ನಿಲ್ಲಿಸಿದಾಗ ಎದ್ದ ಒತ್ತಾಯದ ಬೆನ್ನಿಗೆ ಮುಂದಿನ ತಿಂಗಳೇ ನೆಟ್‌ಫ್ಲಿಕ್ಸ್ ಅದನ್ನು ಕೈಗೆತ್ತಿಕೊಂಡಿತು. ಅದು ಆರು ಸೀಸನ್ ಪೂರೈಸಿ 2021ರಲ್ಲಿ ಮುಗಿಯಿತು. 2018ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ‘ಡೇರ್‌ಡೆವಿಲ್’ ನಿಲ್ಲಿಸಿತು. ಅಭಿಮಾನಿಗಳು ವರ್ಷಗಟ್ಟಲೆ ಅಭಿಯಾನ ನಡೆಸಿದರು. ಅದರ ನಾಯಕನಟ ಚಾರ್ಲಿ ಕಾಕ್ಸ್ 2021ರಲ್ಲಿ ಸ್ಪೈಡರ್‌ಮ್ಯಾನ್ ಚಿತ್ರದಲ್ಲಿ ಅದೇ ಪಾತ್ರವಾಗಿ ಮರಳಿದರು. 2025ರಲ್ಲಿ ‘ಡೇರ್‌ಡೆವಿಲ್: ಬಾರ್ನ್ ಅಗೇನ್’ ಬಂತು. 13 ಕಂತಿಗೆ ನಿಂತ ‘ಕಾನ್‌ಸ್ಟಂಟೀನ್’ನ ನಟ ಮ್ಯಾಟ್ ರಯಾನ್ ಅದೇ ಪಾತ್ರವಾಗಿ ‘ಆ್ಯರೋ’ ಮತ್ತು ‘ಲೆಜೆಂಡ್ಸ್ ಆಫ್ ಟುಮಾರೊ’ಗಳಲ್ಲಿ ಮುಂದುವರಿದರು. ಸೋತ ಪ್ರಯತ್ನಗಳೂ ಇವೆ: 2004ರಲ್ಲಿ ‘ಏಂಜೆಲ್’, 2022ರಲ್ಲಿ ‘ಲೆಜೆಂಡ್ಸ್ ಆಫ್ ಟುಮಾರೊ’ ಉಳಿಯಲಿಲ್ಲ.

ಹಳೆಯ ನಟರನ್ನು ಮರಳಿ ಕರೆಯುವ ಪದ್ಧತಿಯೂ ಅಭಿಮಾನಿಗಳ ನೆನಪಿಗೆ ಸಲ್ಲಿಸಿದ ಗೌರವ. 1990ರ ‘ಫ್ಲ್ಯಾಶ್’ ನಾಯಕ ಜಾನ್ ವೆಸ್ಲಿ ಶಿಪ್ 2014ರ ಧಾರಾವಾಹಿಯಲ್ಲಿ ನಾಯಕನ ತಂದೆಯಾದರು. 2019ರ ಡಿಸೆಂಬರ್‌ನಿಂದ 2020ರ ಜನವರಿವರೆಗೆ ಐದು ಧಾರಾವಾಹಿಗಳಲ್ಲಿ ಹರಡಿಕೊಂಡ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್’ನಲ್ಲಿ ಅವರ ಹಳೆಯ ಫ್ಲ್ಯಾಶ್ ಪ್ರಾಣತ್ಯಾಗ ಮಾಡುತ್ತಾನೆ, ಟಾಮ್ ವೆಲ್ಲಿಂಗ್, 1966ರ ‘ಬ್ಯಾಟ್‌ಮನ್’ನ ನಟ ಬರ್ಟ್ ವಾರ್ಡ್ ಕೂಡ ಅಲ್ಲಿ ಕಾಣಿಸಿಕೊಂಡರು.

ಕಥೆಯೊಳಗೆ ಅಭಿಮಾನಿ

‘ಸೂಪರ್‌ನ್ಯಾಚುರಲ್’ ಅಭಿಮಾನಿಗಳ ಚರ್ಚೆಯನ್ನೇ ಕಥೆಗೆ ತಂದಿತು. 2009ರಲ್ಲಿ ಅಣ್ಣತಮ್ಮಂದಿರು ತಮ್ಮ ಬದುಕನ್ನೇ ಕಾದಂಬರಿಗಳಾಗಿ ಬರೆಯುತ್ತಿರುವ ಚಕ್ ಎಂಬ ಲೇಖಕನನ್ನು ಭೇಟಿಯಾಗುತ್ತಾರೆ. 2014ರ 200ನೆಯ ಕಂತಿನಲ್ಲಿ ಶಾಲೆಯ ಹುಡುಗಿಯರು ಆ ಕಥೆಯನ್ನು ಸಂಗೀತ ನಾಟಕವಾಗಿ ಆಡುತ್ತಾರೆ, ತಮಗೆ ಬೇಕಾದ ಮುಕ್ತಾಯ ಕೊಡುತ್ತಾರೆ. ಮುಂದೆ ಚಕ್ ದೇವರೇ ಎಂದು ತಿಳಿಯುತ್ತದೆ. ಕೊನೆಯ ಸೀಸನ್ನಿನಲ್ಲಿ ಅವನೇ ಖಳನಾಗುತ್ತಾನೆ. ತಮ್ಮನ್ನು ಬರೆಯುವವನ ವಿರುದ್ಧವೇ ಪಾತ್ರಗಳು ಹೋರಾಡುವ ಈ ಕಥೆ, ಪಾತ್ರಗಳ ಹಣೆಬರಹವನ್ನು ನಿರ್ಧರಿಸುವವರು ಯಾರು ಎಂಬ ಅಭಿಮಾನಿಗಳ ದೀರ್ಘ ಪ್ರಶ್ನೆಗೆ ಕೊಟ್ಟ ರೂಪ. ‘ಮಿಸ್ ಮಾರ್ವೆಲ್’ನಲ್ಲಿ (2022) ನಾಯಕಿ ಕಮಲಾ ಖಾನ್ ಸ್ವತಃ ಸೂಪರ್‌ಹೀರೊಗಳ ಅಭಿಮಾನಿ, ಆ ಪಾತ್ರ ಮಾಡಿದ ಇಮಾನ್ ವೆಲ್ಲಾನಿಯೂ ನಿಜಜೀವನದಲ್ಲಿ ಮಾರ್ವೆಲ್ ಅಭಿಮಾನಿ. ಅದೇ ವರ್ಷದ ‘ಶಿ-ಹಲ್ಕ್’ ತನ್ನ ವಿರುದ್ಧ ಬರಬಹುದಾದ ಟೀಕೆಗಳನ್ನು ಮೊದಲೇ ಊಹಿಸಿ ಕಥೆಯಲ್ಲಿ ಸೇರಿಸಿತು.

ಊಹೆಗಳ ಆಟಕ್ಕೆ ‘ವಾಂಡಾವಿಷನ್’ (2021) ಒಳ್ಳೆಯ ಉದಾಹರಣೆ. ವಾರಕ್ಕೊಂದು ಕಂತಿನಂತೆ ಬಂದ ಈ ಕಥೆಯ ಹಿಂದೆ ಮೆಫಿಸ್ಟೊ ಎಂಬ ಖಳ ಇದ್ದಾನೆ ಎಂದು ಅನೇಕರು ಸಣ್ಣ ಸಣ್ಣ ಸುಳಿವು ಕೂಡಿಸಿ ವಾದಿಸಿದರು. ಅವನು ಬರಲೇ ಇಲ್ಲ. ಪ್ರೀತಿಸಿದವನನ್ನು ಕಳೆದುಕೊಂಡವಳ ಶೋಕವೇ ಕಥೆಯಾಗಿತ್ತು. ಸುಳಿವು ಹುಡುಕುವ ಭರದಲ್ಲಿ ಎದುರಿಗಿದ್ದ ದುಃಖವನ್ನು ಕಾಣದೆ ಹೋದೆವು ಎಂಬ ಆತ್ಮವಿಮರ್ಶೆ ಅಭಿಮಾನಿಗಳಲ್ಲೇ ಮೂಡಿದ್ದು ಈ ಪರಂಪರೆಯ ಪ್ರೌಢತೆಗೆ ಸಾಕ್ಷಿ.

ಮಿತಿಗಳು

ಪಾತ್ರದ ಟೀಕೆ ನಟರ ಮೇಲಿನ ದಾಳಿಯಾದಾಗ ಈ ಚರ್ಚೆ ತನ್ನ ಘನತೆಯನ್ನು ಕಳೆದುಕೊಳ್ಳುತ್ತದೆ. ‘ದ ಫ್ಲ್ಯಾಶ್’ನಲ್ಲಿ ಐರಿಸ್ ವೆಸ್ಟ್ ಆಗಿ ಆಯ್ಕೆಯಾದ ಕಪ್ಪು ವರ್ಣದ ನಟಿ ಕ್ಯಾಂಡಿಸ್ ಪ್ಯಾಟನ್ ವರ್ಷಗಟ್ಟಲೆ ಜನಾಂಗೀಯ ನಿಂದನೆ ಎದುರಿಸಿದರು, ಅದರ ಬಗ್ಗೆ ಬಹಿರಂಗವಾಗಿ ಮಾತನಾಡಿದರು. ‘ಟೈಟನ್ಸ್’ನಲ್ಲಿ ಸ್ಟಾರ್‌ಫೈರ್ ಪಾತ್ರ ಮಾಡಿದ ಆ್ಯನಾ ಡಿಯಾಪ್ ಅವರಿಗೂ 2018ರಲ್ಲಿ ಇದೇ ಅನುಭವವಾಯಿತು. ‘ಪಾತ್ರಕ್ಕೆ ಹೊಂದುವುದಿಲ್ಲ’ ಎಂಬ ಮಾತು ನಟನೆಯನ್ನು ನೋಡಿ ಹೇಳಿದ್ದೋ, ಮೈಬಣ್ಣ ನೋಡಿ ಹೇಳಿದ್ದೋ ಎಂದು ಕೇಳಲೇಬೇಕಾಗುತ್ತದೆ. ಅದೇ ಬಳಗಗಳ ಇನ್ನೊಂದು ಮುಖವೂ ಇದೆ. ‘ಸೂಪರ್‌ನ್ಯಾಚುರಲ್’ ಅಭಿಮಾನಿಗಳು ಮಿಶಾ ಕಾಲಿನ್ಸ್ ಸ್ಥಾಪಿಸಿದ ರ‍್ಯಾಂಡಮ್ ಆ್ಯಕ್ಟ್ಸ್ ಸೇವಾಸಂಸ್ಥೆಗೆ ಕೈಜೋಡಿಸಿದರು. ಮಾನಸಿಕ ಆರೋಗ್ಯಕ್ಕಾಗಿ ಜ್ಯಾರೆಡ್ ಪಡಲೆಕಿ 2015ರಲ್ಲಿ ಆರಂಭಿಸಿದ ಅಭಿಯಾನವನ್ನು ಬೆಂಬಲಿಸಿದರು.

ಅಧ್ಯಯನ

ವಿಶ್ವವಿದ್ಯಾಲಯಗಳು ಈ ಚರ್ಚೆಯನ್ನು ಗಂಭೀರವಾಗಿ ತೆಗೆದುಕೊಂಡದ್ದು 1990ರ ದಶಕದಲ್ಲಿ. ಹೆನ್ರಿ ಜೆಂಕಿನ್ಸ್ ಅವರ ‘ಟೆಕ್ಸ್ಚುವಲ್ ಪೋಚರ್ಸ್’ (1992) ಅಭಿಮಾನಿಗಳನ್ನು ಅರ್ಥ ಕಟ್ಟುವ ಕ್ರಿಯಾಶೀಲ ಓದುಗರೆಂದು ಕಂಡಿತು. ಅದರ ಒಂದು ಅಧ್ಯಾಯ ‘ಬ್ಯೂಟಿ ಅಂಡ್ ದ ಬೀಸ್ಟ್’ ಅಭಿಮಾನಿಗಳ ಕುರಿತದ್ದು. 2001ರಲ್ಲಿ ರೋಂಡಾ ವಿಲ್ಕಾಕ್ಸ್ ಮತ್ತು ಡೇವಿಡ್ ಲ್ಯಾವರಿ ‘ಬಫಿ’ ಅಧ್ಯಯನಕ್ಕೇ ಮೀಸಲಾದ ‘ಸ್ಲೇಯೇಜ್’ ಎಂಬ ವಿದ್ವತ್ ಪತ್ರಿಕೆ ಆರಂಭಿಸಿದರು. ಜೇಸನ್ ಮಿಟೆಲ್ ಅವರು ಸುಳಿವುಗಳನ್ನು ಅಗೆದು ತೆಗೆಯುವ ನೋಡುಗರ ಬಗೆಯನ್ನು ವಿವರಿಸಿದರು. ಅಭಿಮಾನಿಗಳು ಬರೆದ ಕಥೆಗಳ ಸಂಗ್ರಹಾಲಯ ‘ಆರ್ಕೈವ್ ಆಫ್ ಅವರ್ ಓನ್’ 2019ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆಯಿತು.

ಕನ್ನಡ ಪ್ರೇಕ್ಷಕರು

ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ವಿರೋಧವಿದ್ದುದರಿಂದ ಈ ಧಾರಾವಾಹಿಗಳು ಕನ್ನಡಿಗರಿಗೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ತಲುಪಿದವು. 1997ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಶಕ್ತಿಮಾನ್’ ಕೂಡ ಹಿಂದಿಯಲ್ಲೇ ಬಂತು; ಅಲ್ಲಿ ಮುಕೇಶ್ ಖನ್ನಾ ರಕ್ಷಕನಾಗಿಯೂ ಪೆದ್ದು ಪಂಡಿತ ಗಂಗಾಧರನಾಗಿಯೂ ಎರಡು ಮುಖ ತೋರಿಸಿದರು. ಕನ್ನಡದಲ್ಲಿ ಅಲೌಕಿಕ ಕಥೆ ನಾಗಕನ್ಯೆಯ ರೂಪದಲ್ಲಿ ಜನಪ್ರಿಯವಾಯಿತು. ಜೀ ಕನ್ನಡದಲ್ಲಿ 2016ರಲ್ಲಿ ಆರಂಭವಾದ, ದೀಪಿಕಾ ದಾಸ್ ನಟಿಸಿದ ‘ನಾಗಿಣಿ’ ಅದಕ್ಕೆ ಉದಾಹರಣೆ. ನಟನೆಯನ್ನು ಹೋಲಿಸಿ ತೂಗುವ ಅಭ್ಯಾಸವಂತೂ ಇಲ್ಲಿಗೆ ಹೊಸದಲ್ಲ. ತಾಳಮದ್ದಳೆಯಲ್ಲಿ ಕಥೆ ಎಲ್ಲರಿಗೂ ಗೊತ್ತು. ಒಬ್ಬ ಅರ್ಥಧಾರಿಯ ಕರ್ಣನಿಗೂ ಇನ್ನೊಬ್ಬರ ಕರ್ಣನಿಗೂ ಇರುವ ವ್ಯತ್ಯಾಸವನ್ನು ರಸಿಕರು ಬೆಳಗಿನವರೆಗೆ ಚರ್ಚಿಸುತ್ತಾರೆ. ಕ್ಲಾರ್ಕ್ ಕೆಂಟ್‌ನನ್ನು ಮೂವರು ನಟರಲ್ಲಿ ಹೋಲಿಸುವ ಅಭಿಮಾನಿಯ ಕೆಲಸ ಅದಕ್ಕೆ ತೀರ ಹತ್ತಿರದ್ದು.

ಮಹತ್ವ

ವೃತ್ತಿ ವಿಮರ್ಶಕರು ಸಾಮಾನ್ಯವಾಗಿ ಮೊದಲ ಕೆಲವು ಕಂತು ನೋಡಿ ತೀರ್ಪು ಕೊಟ್ಟು ಮುಂದೆ ಹೋಗಬೇಕಾಗುತ್ತದೆ. ಅಭಿಮಾನಿಗಳು ಹದಿನೈದು ವರ್ಷ ಜೊತೆಗಿರುತ್ತಾರೆ. ಮೂರನೆಯ ಸೀಸನ್ನಿನಲ್ಲಿ ಕೊಟ್ಟ ಮಾತನ್ನು ಹನ್ನೊಂದನೆಯದರಲ್ಲಿ ಮುರಿದರೆ ಗುರುತಿಸುವವರು ಅವರೇ. ಬರಹಗಾರರ ತಂಡ ಬದಲಾಗುತ್ತದೆ, ಚಾನೆಲ್ಲಿನ ಒಡೆತನ ಬದಲಾಗುತ್ತದೆ. ಧಾರಾವಾಹಿಯ ಪೂರ್ಣ ಸ್ಮರಣೆ ನೋಡುಗರಲ್ಲಿ ಉಳಿಯುತ್ತದೆ. ಆ ಸ್ಮರಣೆಯಿಂದ ಅವರು ನಟನಿಂದ ಸತ್ಯವನ್ನೂ ಕಥೆಯಿಂದ ನ್ಯಾಯವನ್ನೂ ಕೇಳಿದ್ದಾರೆ. ಬಹುಕಾಲ ಬಾಲಿಶವೆಂದು ತಳ್ಳಿಹಾಕಿದ ಒಂದು ಪ್ರಕಾರ ಗಂಭೀರ ಕಲೆಯಾಗಿ ಬೆಳೆದುದರಲ್ಲಿ ಈ ಕೇಳುವಿಕೆಯ ಪಾಲು ದೊಡ್ಡದು.